ಕರಿಬೇವು ಒಪ್ಪದ ಹೀಟರು

ಮನೆ ಬೆಚ್ಚಗೆ ಮಾಡುವ ಕೆಲಸದಲ್ಲಿರುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಜನರ ಮನೆಯೊಳಗೆ ಕಾಲಿಟ್ಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ನಾನು ಮೆಲ್ಬರ್ನಿನ ಒಂದು ಗ್ಯಾಸ್ ಹೀಟರ್ ಕಂಪನಿಯ ಲ್ಯಾಬಿನಲ್ಲಿ ಇಂಜಿನಿಯರ್. ಇಲ್ಲಿ ಹೀಟರ್ ಅನ್ನುವುದು ಮನೆಯ ಹೊರಗೋಡೆಗೆ ಒರಗಿ ನಿಂತ ಒಂದು ದೊಡ್ಡ ಪೆಟ್ಟಿಗೆ. ಅದು ಗ್ಯಾಸ್ ಉರಿಸಿ ಗಾಳಿ ಕಾಯಿಸುತ್ತದೆ. ಬಿಸಿಗಾಳಿ ನೆಲದಡಿಯ ಕೊಳವೆಗಳಲ್ಲಿ ಹಾದು ಕೋಣೆ ಕೋಣೆಯ ನೆಲದಲ್ಲಿರುವ ಜಾಲರಿಯಿಂದ ಮೇಲೆ ಬರುತ್ತದೆ. ಹೊಗೆ ಹೊರಗಿನ ಕಿಂಡಿಯಿಂದ ಹಿತ್ತಲಿಗೆ ಹೋಗುತ್ತದೆ.

ಹಳೆಯ ಹೀಟರುಗಳಲ್ಲಿ ಹೊಗೆಯ ಜೊತೆ ಬಿಸಿಯೂ ಧಾರಾಳವಾಗಿ ಹಿತ್ತಲಿಗೆ ಹೋಗುತ್ತಿತ್ತು. ನಮ್ಮ ಬಾಸ್ ಇಲ್ಲಿಯೇ ಹುಟ್ಟಿ ಬೆಳೆದ ಮನುಷ್ಯ, ಕಡಿಮೆ ಮಾತು, ಉದ್ದ ಕಾಲು. ಆ ಪೋಲಾಗುವ ಬಿಸಿಯನ್ನೂ ಹಿಡಿದು ಮನೆಯೊಳಗೇ ಕಳಿಸುವ ಹೀಟರ್ ಮಾಡಬೇಕೆಂದು ಅವರು ವರ್ಷಗಟ್ಟಲೆ ಜೀವ ತೇಯ್ದಿದ್ದರು. ಅದು ಸಿದ್ಧವಾಗುವ ಹೊತ್ತಿಗೆ ಕಾಲವೇ ಬದಲಾಗಿತ್ತು. ಈಗ ಎಲ್ಲರಿಗೂ ಕರೆಂಟಿನ ಹೀಟರ್ ಬೇಕು. ಕಂಪನಿಯ ಮೇಲಿನವರು ಕೊನೆಗೆ ಒಂದು ಷರತ್ತು ಹಾಕಿದರು. ಕೆಲವು ಮನೆಗಳಲ್ಲಿ ಒಂದು ಚಳಿಗಾಲ ಇದನ್ನು ಹಾಕಿ ನೋಡಿ. ಒಂದೇ ಒಂದು ಮನೆಯವರು ಹಳೆಯದೇ ವಾಪಸ್ ಬೇಕು ಅಂದರೂ ಇದನ್ನು ಇಲ್ಲಿಗೇ ನಿಲ್ಲಿಸಿಬಿಡಿ.

ಬಾಸ್ ಆ ವರ್ಷದ ಕೊನೆಗೆ ರಿಟೈರ್ ಆಗುವವರಿದ್ದರು. ಇದು ನಿಂತರೆ ಅವರ ಇಡೀ ದುಡಿಮೆ ಗೋದಾಮಿನ ಮೂಲೆ ಸೇರುತ್ತಿತ್ತು. ಮನೆಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಯಾರು ಗೊತ್ತು? ನಮ್ಮವರೇ ಗೊತ್ತು. ಹಾಗಾಗಿ ಆ ಹೀಟರಿನ ಹಣೆಬರಹ ನಮ್ಮ ಕನ್ನಡದ ಮನೆಗಳ ಕೈಗೆ ಬಿತ್ತು.

ಬಳ್ಳಾರಿಯ ಮಾನ

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಬಳ್ಳಾರಿಯವಳು. ಇಂಟರ್‌ವ್ಯೂನಲ್ಲಿ ಬಾಸ್ ನಮ್ಮೂರಿನ ಬೇಸಿಗೆ ಹೇಗಿರುತ್ತದೆ ಅಂತ ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಹಾಗಿದ್ದರೆ ನಿಮಗೆ ಬಿಸಿ ಮಾಡುವ ಕೆಲಸ ಯಾಕೆ ಬೇಕು?" ಅಂದರು. "ನಮ್ಮೂರಲ್ಲಿ ಬಿಸಿ ಒಳಗೆ ಬರದ ಹಾಗೆ ನೋಡಿಕೊಳ್ಳಬೇಕು, ಇಲ್ಲಿ ಹೊರಗೆ ಹೋಗದ ಹಾಗೆ. ಗೋಡೆ ಅದೇ, ನಾನು ನಿಲ್ಲುವ ಕಡೆ ಬೇರೆ" ಅಂದೆ. ಕೆಲಸ ಸಿಕ್ಕಿತು.

ಬಳ್ಳಾರಿಯಲ್ಲಿ ನಮ್ಮಪ್ಪನದು ಏರ್ ಕೂಲರ್ ಅಂಗಡಿ. ಖುಷಿಯಿಂದ ಅಂಗಡಿಗೇ ಫೋನ್ ಮಾಡಿದೆ.

"ಏನು ತಯಾರು ಮಾಡ್ತಾರಮ್ಮ ನಿಮ್ಮ ಕಂಪನ್ಯಾಗ?"

"ಮನೆ ಬಿಸಿ ಮಾಡೋ ಮಿಷನ್ ಅಪ್ಪ."

ಅಪ್ಪ ಅಂಗಡಿಯಲ್ಲಿ ಓಡುತ್ತಿದ್ದ ಕೂಲರನ್ನೇ ಆಫ್ ಮಾಡಿ ಮತ್ತೆ ಕೇಳಿದರು.

"ಬಿಸಿ ಮಾಡೋದಾ? ತಣ್ಣಗ ಮಾಡೋದು ಅಲ್ಲೇನು?"

"ಅಲ್ಲಪ್ಪ, ಬಿಸಿ ಮಾಡೋದೇ."

ಅಪ್ಪ ದನಿ ತಗ್ಗಿಸಿದರು. "ಆಯ್ತು ಬಿಡು. ಮುಂದ ಗಿರಾಕಿ ಕುಂತಾರ. ನಾನು ಎಲ್ಲರಿಗೂ ದೊಡ್ಡ ಕೂಲರ್ ಕಂಪನಿ ಅಂತಾನೇ ಹೇಳ್ತೀನಿ. ನೀನೂ ಊರಿಗೆ ಬಂದಾಗ ಬಾಯಿ ಬಿಡಬ್ಯಾಡ."

ಗುರ್ ಅನ್ನದ ಹೀಟರು

ಹೊಸ ಹೀಟರನ್ನು ಮೊದಲು ಹಾಕಿಸಿದ್ದು ನಮ್ಮ ಮನೆಯಲ್ಲೇ. ಹಳೆಯದು ಗುರ್ರೆಂದು ಶುರುವಾಗಿ, ಮುಖ ಸುಡುವಷ್ಟು ಬಿಸಿ ಊದಿ, ಥಟ್ಟನೆ ನಿಂತುಬಿಡುತ್ತಿತ್ತು. ಹೊಸದು ಹಾಗಲ್ಲ. ಸಣ್ಣಗೆ, ಒಂದೇ ಸಮ, ಸದ್ದಿಲ್ಲದೆ ಊದುತ್ತಲೇ ಇರುತ್ತದೆ. ಆ ಸದ್ದನ್ನು ತೆಗೆಯುವುದಕ್ಕೇ ಬಾಸ್ ತಲೆಗೂದಲು ಬೆಳ್ಳಗೆ ಮಾಡಿಕೊಂಡಿದ್ದರು.

ನಮ್ಮ ಯಜಮಾನರು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ. ಮೊದಲ ದಿನವೇ ಜಾಲರಿಯ ಮೇಲೆ ಅಂಗೈ ಹಿಡಿದು ನಿಂತರು.

"ಬಿಸೀನೇ ಇಲ್ವಲ್ಲೇ."

ಗೋಡೆಯ ಮೇಲಿನ ಥರ್ಮಾಮೀಟರ್ ತೋರಿಸಿದೆ. ಹಳೆಯ ಹೀಟರಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು.

"ಅದು ಥರ್ಮಾಮೀಟರಿಗೆ ಗೊತ್ತು. ನನಗೆ ಗೊತ್ತಾಗ್ತಾ ಇಲ್ವಲ್ಲ" ಅಂದು ಸ್ವೆಟರಿನ ಮೇಲೊಂದು ಸ್ವೆಟರ್ ಏರಿಸಿದರು. ಒಂದು ವಾರ ಹೀಗೇ ನಡೆಯಿತು. ಕಂಪನಿಯ ಷರತ್ತು ನೆನೆದು ನನಗೆ ಭಯ. ಕಟ್ಟಿಕೊಂಡ ಗಂಡನೇ ಹಳೆಯದು ಬೇಕು ಅಂದುಬಿಟ್ಟರೆ ಬಾಸ್‌ಗೆ ಯಾವ ಮುಖ ತೋರಿಸಲಿ?

ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಇವರು ಬರೀ ಟೀ ಶರ್ಟಿನಲ್ಲಿ ಕೂತಿದ್ದಾರೆ. ಮುಖದಲ್ಲಿ ಸಂತೋಷ. "ಇವತ್ತು ನೋಡು, ಸರಿಯಾಗಿ ಕೆಲಸ ಮಾಡ್ತಿದೆ. ಕೇಳಿಸ್ತಾ?" ಅಂದರು. ಹೌದು, ಗುರ್ ಅನ್ನುವ ಸದ್ದು ಬರುತ್ತಿತ್ತು. ಹೊಸ ಹೀಟರ್ ಕೆಟ್ಟಿತು ಅಂದುಕೊಂಡು ಟಾರ್ಚ್ ಹಿಡಿದು ಹಿತ್ತಲಿಗೆ ಓಡಿದೆ. ಅಲ್ಲಿ ಸದ್ದೇ ಇಲ್ಲ. ಒಳಗೆ ಬಂದು ಹುಡುಕಿದರೆ ಸೋಫಾದ ಹಿಂದೆ ಮಗಳ ಫೋನು. ಹಳೆಯ ಹೀಟರ್ ತೆಗೆಯುವ ಮುನ್ನ ನಾನೇ ಲ್ಯಾಬಿಗೆಂದು ಅದರ ಸದ್ದು ರೆಕಾರ್ಡ್ ಮಾಡಿಕೊಂಡಿದ್ದೆ. ಅವಳು ಅದನ್ನೇ ತನ್ನ ಫೋನಿಗೆ ಕಳಿಸಿಕೊಂಡು ಹಾಕಿ ಇಟ್ಟಿದ್ದಳು.

ಅವಳಪ್ಪ ಕಣ್ಣು ಬಿಟ್ಟುಕೊಂಡು ನೋಡಿದರೆ ಮಗಳು, "ಸಾರಿ ಡ್ಯಾಡ್, ಯೂ ಲುಕ್ಡ್ ಕೋಲ್ಡ್" ಅಂದಳು.

ಅವರು ಫೋನನ್ನು ವಾಪಸ್ ಸೋಫಾದ ಹಿಂದೆ ಇಟ್ಟು, "ಇರಲಿ, ಆಫ್ ಮಾಡಬೇಡ. ಬೆಚ್ಚಗಿದೆ" ಅಂದರು.

ಕ್ಲೇಟನ್ನಿನ ಹಿಟ್ಟು

ಮೆಲ್ಬರ್ನಿನದೇ ಬಡಾವಣೆಯಾದ ಕ್ಲೇಟನ್ನಿನಲ್ಲಿ ಯೂನಿವರ್ಸಿಟಿಯ ಹತ್ತಿರ ನಮ್ಮ ಕಡೆಯ ನಾಲ್ಕು ಹುಡುಗಿಯರು ಸೇರಿ ಒಂದು ಮನೆ ರೆಂಟಿಗೆ ತೆಗೆದುಕೊಂಡಿದ್ದರು. ಓನರ್ ಒಪ್ಪಿದ, ಅಲ್ಲಿಗೂ ಒಂದು ಹೀಟರ್ ಹಾಕಿದೆವು. ಪ್ರತಿ ಮನೆಯ ಹೀಟರ್ ಹೇಗೆ ನಡೆಯುತ್ತಿದೆ ಅಂತ ಲ್ಯಾಬಿನಲ್ಲಿ ಕೂತೇ ಕಂಪ್ಯೂಟರಿನಲ್ಲಿ ನೋಡಬಹುದು. ಒಂದು ಬೆಳಗ್ಗೆ ಆ ಮನೆಯ ಗಾಳಿ ಎಲ್ಲೋ ಕಟ್ಟಿಕೊಂಡ ಹಾಗೆ ಕಾಣಿಸಿತು. ಬಾಸ್ ಮತ್ತು ನಾನು ಸಾಮಾನು ಹೊತ್ತುಕೊಂಡು ಹೊರಟೆವು.

ಬಾಗಿಲು ತೆಗೆದ ಕೂಡಲೇ ಬಾಸ್ ಮೂಗು ಮೇಲೆತ್ತಿದರು. "ಇದೇನು ವಾಸನೆ? ಬ್ರೆಡ್ ಸುಡುತ್ತಿದ್ದಾರಾ?"

ನನಗೆ ಗೊತ್ತಾಯಿತು. ಅದು ಬ್ರೆಡ್ ಅಲ್ಲ. ಮೆಲ್ಬರ್ನಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗು ಬರುವುದಿಲ್ಲ, ನಮ್ಮ ಹೆಂಗಸರೆಲ್ಲ ಅದಕ್ಕೆ ಒಂದೊಂದು ದಾರಿ ಹುಡುಕಿಕೊಂಡಿರುತ್ತಾರೆ. ಈ ಹುಡುಗಿಯರು ಅಡುಗೆಮನೆಯ ನೆಲದ ಜಾಲರಿಯ ಮೇಲೇ ಪಾತ್ರೆ ಇಟ್ಟಿದ್ದರು. ಹಿಟ್ಟು ಉಬ್ಬಿ, ಮುಚ್ಚಳ ಎತ್ತಿ, ಅಂಚು ದಾಟಿ, ಜಾಲರಿಯೊಳಗೆ ಇಳಿದು ಕೊಳವೆ ಸೇರಿತ್ತು. ಹೀಟರ್ ಅದನ್ನು ಹದವಾಗಿ ಬೇಯಿಸಿ, ಉತ್ತಪ್ಪದ ಘಮವನ್ನು ಎಲ್ಲ ಕೋಣೆಗೂ ಸಮನಾಗಿ ಹಂಚುತ್ತಿತ್ತು.

ಬಾಸ್ ನೆಲದ ಮೇಲೆ ಉದ್ದಕ್ಕೆ ಮಲಗಿ ಕೊಳವೆಯೊಳಗೆ ಕೈ ಹಾಕಿ ಕೆರೆಯತೊಡಗಿದರು. ನಾನು ಅವರಲ್ಲಿ ಹಿಟ್ಟು ಇಟ್ಟಿದ್ದ ಹಾಸನದ ಹುಡುಗಿಯನ್ನು ಗದರಿಸಿದೆ. ಅವಳಿಗೆ ಒಂದಿಷ್ಟೂ ಅಳುಕಿಲ್ಲ.

"ಹಳೇ ಹೀಟರ್ ಮೇಲೂ ಇಡ್ತಿದ್ವಿ ಮೇಡಂ. ಮೇಲೆ ಒಣಗಿ ಹಪ್ಪಳ, ಒಳಗೆ ಹಸಿ. ನಿಮ್ದು ಒಂದೇ ಸಮ ಬೆಚ್ಚಗಿರುತ್ತಲ್ಲ, ಅದಕ್ಕೇ ಹಿಂಗೆ ಉಬ್ಬಿದ್ದು. ನಮ್ದೇನಿದೆ ತಪ್ಪು?"

"ಹಾಗಿದ್ರೆ ಹಳೇದೇ ಹಾಕಿಸೋಣ್ವಾ?" ಅಂತ ನಾನು ಹೆದರುತ್ತಲೇ ಕೇಳಿದೆ.

"ಅಯ್ಯೋ ಬೇಡಪ್ಪ. ಪಾತ್ರೆ ದೊಡ್ಡದು ತಗೋತೀವಿ."

ಅಷ್ಟೂ ಮಾತನ್ನು ಬಾಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಕೇಳಿಸಿಕೊಂಡರು. ಒಂದೇ ಸಮ ಬಿಸಿ ಬರುತ್ತದೆ ಅಂತ ಅವರ ಹೀಟರನ್ನು ಹೊಗಳಿದವರಲ್ಲಿ ಇವಳೇ ಮೊದಲನೆಯವಳು. ವಾಪಸ್ ಬರುವಾಗ ಕಾರಿನಲ್ಲಿ, "ದೊಡ್ಡ ಪಾತ್ರೆ ಅಂದರೆ ಎಷ್ಟು ದೊಡ್ಡದು? ಜಾಲರಿ ಅಗಲ ಮಾಡಬೇಕಾಗುತ್ತದಾ?" ಅಂತ ಕೇಳಿದರು.

ಸಿಡ್ನಿಯಲ್ಲಿ ಚಳಿ ಇಲ್ಲ

ಸಿಡ್ನಿಯಲ್ಲೂ ಒಂದು ಮನೆ ಸಿಕ್ಕರೆ ಒಳ್ಳೆಯದಿತ್ತು ಅಂತ ಬಾಸ್‌ಗೆ ಆಸೆ. ನನ್ನ ನಾದಿನಿ ಇರುವುದು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ. ಜೂನ್ ಅಂದರೆ ಇಲ್ಲಿ ಚಳಿಗಾಲ, ಆ ತಿಂಗಳ ಒಂದು ವೀಕೆಂಡ್ ಹೊರಟೆ. ಸಿಡ್ನಿಯವರದು ಒಂದು ನಂಬಿಕೆ ಇದೆ: ಚಳಿ ಅನ್ನುವುದು ಮೆಲ್ಬರ್ನಿನವರ ಕರ್ಮ, ನಮ್ಮ ಕಡೆ ಇಲ್ಲ. ಆದ್ದರಿಂದ ಅಲ್ಲಿ ಬಹಳ ಮನೆಗಳಲ್ಲಿ ಹೀಟರ್ ಕೂಡ ಇಲ್ಲ.

ನಾದಿನಿ ಬಾಗಿಲು ತೆಗೆದಳು. ತಲೆಗೆ ಮಂಕಿ ಕ್ಯಾಪ್, ಮೈಮೇಲೆ ಶಾಲು, ಕಾಲಿಗೆ ಉಣ್ಣೆ ಚೀಲ. "ಬನ್ನಿ ಅತ್ತಿಗೆ, ನೋಡಿ ನಮ್ಮ ಸಿಡ್ನಿ ಎಷ್ಟು ಹಿತವಾಗಿದೆ. ನಿಮ್ಮ ಥರ ಅಲ್ಲ" ಅಂದಳು. ಮಾತಿನ ಜೊತೆ ಬಾಯಿಂದ ಹಬೆಯೂ ಬಂತು.

ಸೋಫಾದ ಮೇಲೆ ಕೂತೆ. ಐಸಿನ ಮೇಲೆ ಕೂತ ಹಾಗಾಯಿತು. ಮೆಲ್ಲಗೆ ಹೀಟರಿನ ಮಾತು ತೆಗೆದೆ.

"ಹೀಟರಾ? ನಮಗ್ಯಾಕೆ ಅತ್ತಿಗೆ? ಸಿಡ್ನಿಯಲ್ಲಿ ಚಳಿ ಎಲ್ಲಿದೆ?" ಅಂದು ನನ್ನ ಕಾಲ ಮೇಲೆ ಒಂದು ರಜಾಯಿ ಹೊದಿಸಿದಳು. ಪಾಪ, ಪ್ರೀತಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಬಿಸಿ ಬಿಸಿ ಬಿಸಿಬೇಳೆಬಾತ್ ಬಡಿಸಿದಳು, ಅದು ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ತಣ್ಣಗಾಯಿತು. ಊಟ ಆದ ಮೇಲೆ ನನ್ನ ಹಲ್ಲು ಕಟಕಟ ಅನ್ನುವುದನ್ನು ನೋಡಿ, "ಒಳಗೆ ಯಾಕೆ ಕೂತಿದೀರಿ? ಹೊರಗೆ ಬನ್ನಿ, ಬಿಸಿಲಿದೆ, ಬೆಚ್ಚಗಾಗತ್ತೆ" ಅಂದಳು. ಹೋದೆವು. ಬೀದಿಯುದ್ದಕ್ಕೂ ಜನ ಮನೆ ಬಿಟ್ಟು ಅಂಗಳದಲ್ಲಿ ಮೈ ಕಾಯಿಸುತ್ತ ಕೂತಿದ್ದರು.

ಸಂಜೆ ಹೊರಟಾಗ ಗೇಟಿನವರೆಗೂ ಬಂದಳು. ನಾನು ಮನೆ ಬಾಗಿಲು ತೆರೆದೇ ಬಂದಿದ್ದೆ. "ಅಯ್ಯೋ ಅತ್ತಿಗೆ, ಬಾಗಿಲು ಎಳ್ಕೊಂಡು ಬರಬಾರದಾ?" ಅಂತ ಓಡಿಹೋಗಿ ಹಾಕಿದಳು. ಒಳಗಿನ ಚಳಿ ಹೊರಗೆ ಹೋಗಿಬಿಟ್ಟರೆ ಊರಿಗೆ ಕೆಟ್ಟ ಹೆಸರು.

ಹಿತ್ತಲು ಕಾಯಿಸದ ಅಪರಾಧ

ಸಿಡ್ನಿ ಕೈಕೊಟ್ಟರೂ ಮೆಲ್ಬರ್ನಿನ ಮನೆಗಳೆಲ್ಲ ಜುಲೈವರೆಗೆ ಸುಮ್ಮನಿದ್ದವು. ಬಾಸ್ ಲ್ಯಾಬಿನಲ್ಲಿ ಸಿಳ್ಳೆ ಹಾಕಲು ಶುರು ಮಾಡಿದ್ದರು. ಆಗ ಬಂತು ಆಂಟಿಯ ಫೋನು.

ಈ ಆಂಟಿ ಮಂಗಳೂರಿನ ಕಡೆಯವರು, ನನ್ನ ಮಾತು ಕೇಳಿ ಹೊಸ ಹೀಟರ್ ಹಾಕಿಸಿಕೊಂಡವರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಬಹಳ ವರ್ಷ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು. ಅಂಕಲ್ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ಆದರೆ ನಮ್ಮ ಸಬರ್ಬಿನ ಅರ್ಧ ಜನ ದಿನಾ ಅವರ ಮನೆಯಲ್ಲೇ ಇರುತ್ತಾರೆ.

"ನಿನ್ನ ಮಿಷನ್ ತಕೊಂಡು ಹೋಗು ಮಾರಾಯ್ತಿ. ನನ್ನ ಹಳೆಯದ್ದು ತಂದು ಹಾಕು."

"ಯಾಕೆ ಆಂಟಿ? ಮನೆ ಬೆಚ್ಚಗಿಲ್ವಾ?"

"ಮನೆ ಬೆಚ್ಚಗೆ ಉಂಟು."

"ಸದ್ದು ಬರ್ತಿದ್ಯಾ?"

"ಎಂತ ಸದ್ದೂ ಇಲ್ಲ. ಗ್ಯಾಸೂ ಕಡಿಮೆ ಹೋಗ್ತದೆ. ಅದಲ್ಲ ವಿಷಯ. ನೀನು ಬಂದು ನೋಡು."

ಬಾಸ್ ಸಿಳ್ಳೆ ನಿಲ್ಲಿಸಿದರು. ಇಬ್ಬರೂ ಹೋದೆವು. ಆಂಟಿ ನಮ್ಮನ್ನು ಮನೆಯೊಳಗೆ ಕರೆಯದೆ ನೇರ ಹಿತ್ತಲಿಗೆ ನಡೆಸಿದರು. ಹೊಸ ಹೀಟರಿನ ಹೊಗೆಕಿಂಡಿಯ ಎದುರಿಗೆ ಒಂದು ದೊಡ್ಡ ಕುಂಡ. ಅದರಲ್ಲಿ ಕರಿಬೇವಿನ ಗಿಡ. ಎಲೆಯೆಲ್ಲ ಹಳದಿಯಾಗಿ ಉದುರಿ, ಬರೀ ಕಡ್ಡಿ ನಿಂತಿತ್ತು.

ಮೆಲ್ಬರ್ನಿನಲ್ಲಿ ಕರಿಬೇವು ಬೆಳೆಸುವುದು ಅಂದರೆ ಎಳೆ ಮಗುವನ್ನು ಸಾಕಿದ ಹಾಗೆ, ಒಂದು ಚಳಿಗಾಲವೂ ತಡೆಯುವುದಿಲ್ಲ. ಈ ಗಿಡ ಅಂಕಲ್ ನೆಟ್ಟದ್ದು. ಪ್ರತಿ ವರ್ಷ ಚಳಿ ಶುರುವಾದಾಗ ಅವರು ಕುಂಡವನ್ನು ಉರುಳಿಸಿಕೊಂಡು ಬಂದು ಹಳೆಯ ಹೀಟರಿನ ಹೊಗೆಕಿಂಡಿಯ ಎದುರಿಗೆ, ಸುಡದಷ್ಟು ದೂರದಲ್ಲಿ ಇಡುತ್ತಿದ್ದರು. ಹೊರಗೆ ಪೋಲಾಗುವ ಬಿಸಿಯಲ್ಲಿ ಗಿಡ ಸುಖವಾಗಿ ಚಳಿಗಾಲ ಕಳೆಯುತ್ತಿತ್ತು. ಅವರು ಹೋದ ಮೇಲೆ ಆಂಟಿಯೂ ಹಾಗೇ ಮಾಡುತ್ತಿದ್ದರು. ನಮ್ಮ ಸಬರ್ಬಿನ ಯಾವ ಮನೆಯ ಒಗ್ಗರಣೆಗೂ ಕರಿಬೇವು ಇಲ್ಲಿಂದಲೇ ಹೋಗಬೇಕು. ನನ್ನ ಮನೆಯ ಸಾರಿಗೂ ಅಷ್ಟೇ.

"ಕೈ ಹಿಡಿದು ನೋಡಿ. ಒಂದು ಚೂರು ಬಿಸಿ ಉಂಟಾ?" ಅಂತ ಆಂಟಿ ಬಾಸ್‌ಗೆ ಇಂಗ್ಲಿಷಿನಲ್ಲಿ ಗದರಿದರು.

ಬಾಸ್ ಹೊಗೆಕಿಂಡಿಗೆ ಅಂಗೈ ಹಿಡಿದರು. ಬರುತ್ತಿದ್ದುದು ಉಗುರುಬೆಚ್ಚಗಿನ ಒದ್ದೆ ಗಾಳಿ, ಒಂದು ಗೇಣು ಆಚೆಗೆ ಅದೂ ತಣ್ಣಗೆ. ಅವರ ಮುಖ ಅರಳಿತು. ಹೀಗೆ ತಣ್ಣಗೆ ಬರಬೇಕು ಅಂತಲೇ ಅಲ್ಲವೇ ಅವರು ಇಷ್ಟು ವರ್ಷ ಒದ್ದಾಡಿದ್ದು? ನಾನು ಕಣ್ಸನ್ನೆ ಮಾಡುತ್ತಿದ್ದರೂ ಅವರಿಗೆ ನಗು ತಡೆಯಲಾಗಲಿಲ್ಲ.

ಆಂಟಿ ಕೋಪದಲ್ಲಿ ಕನ್ನಡಕ್ಕೆ ಇಳಿದರು. "ಎಂತ ನಗುದು ಇವರು? ನನ್ನ ಗಿಡ ಸಾಯ್ತಾ ಉಂಟು, ಇವರಿಗೆ ಖುಷಿಯಾ?" ಅಂದವರ ದನಿ ಒಡೆಯಿತು. "ಅಂಕಲ್ ಹೋದ ಮೇಲೆ ಮೂರು ಚಳಿ ಕಾಪಾಡಿದ್ದೇನೆ ಇದನ್ನು. ನಿನ್ನ ಮಾತು ಕೇಳಿ ಕಳೆದುಕೊಂಡೆ."

ನನಗೆ ಅಳುವೇ ಬಂತು. ಭಾಷೆ ಬಾರದಿದ್ದರೂ ಬಾಸ್‌ಗೆ ಅರ್ಥವಾಯಿತು. ಅವರು ಬಗ್ಗಿ ಉಗುರಿನಿಂದ ಕಡ್ಡಿಯ ಸಿಪ್ಪೆ ಗೀರಿದರು. ಒಳಗೆ ಸ್ವಲ್ಪ ಹಸಿರಿತ್ತು.

"ಇದನ್ನು ನನಗೆ ಕೊಡಿ. ಲ್ಯಾಬಿನಲ್ಲಿ ಒಂದು ಬೆಚ್ಚಗಿನ ಕೋಣೆ ಇದೆ. ಇದು ಚಿಗುರದಿದ್ದರೆ ನಾನೇ ಬಂದು ನಿಮ್ಮ ಹಳೆಯ ಹೀಟರ್ ಹಾಕಿಕೊಡುತ್ತೇನೆ."

ತಮ್ಮ ಜಾಕೆಟ್ಟು ಬಿಚ್ಚಿ ಗಿಡಕ್ಕೆ ಸುತ್ತಿದರು. ಕುಂಡವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಹಿಂದಿನ ಸೀಟಿನಲ್ಲಿ ಹೀಟರಿನ ಪೈಪುಗಳ ಮಧ್ಯೆ ಮುದುರಿಕೊಂಡು ಕೂತವಳು ನಾನು.

ರೋಗಿಯನ್ನು ನೋಡುವ ಸಮಯ

ಲ್ಯಾಬಿನ ಆ ಕೋಣೆಯಲ್ಲಿ ಎಷ್ಟು ಬಿಸಿ ಬೇಕೋ ಅಷ್ಟೇ ಇಡಬಹುದು, ಹೀಟರ್ ಪರೀಕ್ಷೆಗೆಂದು ಕಟ್ಟಿಸಿದ್ದು. ಬಾಸ್ "ನಿಮ್ಮೂರಿನಲ್ಲಿ ಎಷ್ಟಿರುತ್ತದೆ?" ಅಂತ ಕೇಳಿದರು. ಬಳ್ಳಾರಿಯದು ಹೇಳಿದರೆ ಗಿಡ ಸುಟ್ಟೇಹೋಗುತ್ತದೆ ಅಂತ ಮಂಗಳೂರಿನದು ಹೇಳಿದೆ. ಮನೆಯಿಂದ ಒಂದು ದೀಪ ತಂದು ಗಿಡದ ಮೇಲೆ ನೇತುಹಾಕಿದರು.

ಪ್ರತಿ ಭಾನುವಾರ ಚರ್ಚ್ ಮುಗಿಸಿ ಆಂಟಿ ನೇರ ಲ್ಯಾಬಿಗೆ ಬರುತ್ತಿದ್ದರು. ರಜಾ ದಿನವಾದರೂ ಬಾಗಿಲು ತೆಗೆಯುವುದಕ್ಕೆ ಬಾಸ್ ಬಂದಿರುತ್ತಿದ್ದರು. ವಾರ್ಡಿಗೆ ಹೆಡ್ ನರ್ಸ್ ಬಂದ ಹಾಗೇ. ನೀರು ಯಾವಾಗ ಹಾಕಿದ್ದು, ಯಾರು ಹಾಕಿದ್ದು, ಕೈ ತೊಳೆದಿದ್ದರಾ? ಹೀಟರಿನ ಬಗ್ಗೆ ಯಾರಿಗೂ ತಲೆಬಾಗದ ಬಾಸ್ ಅಲ್ಲಿ ಕೈಕಟ್ಟಿಕೊಂಡು ಉತ್ತರ ಕೊಡುತ್ತಿದ್ದರು.

ಸುದ್ದಿ ಹಬ್ಬದೆ ಇರುತ್ತದಾ? ಹೀಟರ್ ಕಂಪನಿಯಲ್ಲಿ ಕರಿಬೇವಿಗೆ ಐಸಿಯು ತೆರೆದಿದ್ದಾರಂತೆ ಅಂತ ವಾಟ್ಸಾಪಿನಲ್ಲಿ ಹೋಯಿತು. ಮುಂದಿನ ವಾರ ರಿಸೆಪ್ಷನ್ನಿನ ಹುಡುಗಿ ಫೋನ್ ಮಾಡಿದಳು: "ಇಲ್ಲಿ ಸೀರೆ ಉಟ್ಟವರೊಬ್ಬರು ಕುಂಡ ಹಿಡಿದು ನಿಂತಿದ್ದಾರೆ. ಅಡ್ಮಿಟ್ ಮಾಡಬೇಕಂತೆ."

ಒಂದೇ ಒಂದು ದೂರು

ಚಳಿಗಾಲ ಮುಗಿಯುತ್ತ ಬಂತು. ಕಂಪನಿಯ ಮೇಲಿನವರು ತೀರ್ಮಾನಕ್ಕೆ ಬಂದು ಕೂತರು. ಅವರಲ್ಲಿ ಎಲ್ಲರಿಗಿಂತ ಮೇಲಿನ ಹುದ್ದೆಯ ಹೆಂಗಸು, ನಗುವುದು ಅಪರೂಪ, ನೇರ ವಿಷಯಕ್ಕೆ ಬಂದರು. "ಯಾರಾದರೂ ಹಳೆಯ ಹೀಟರ್ ವಾಪಸ್ ಕೇಳಿದರಾ?"

ಬಾಸ್ ಇಲ್ಲ ಅನ್ನಬಹುದಿತ್ತು. ಆಂಟಿಯ ಗಿಡದಲ್ಲಿ ಆ ವಾರ ತಾನೆ ಒಂದು ಕೆಂಪು ಚಿಗುರು ಕಂಡಿತ್ತು. ಆದರೂ ಅವರು, "ಕೇಳಿದ್ದಾರೆ, ಒಂದು ಮನೆಯವರು" ಅಂದರು. ಅವರು ಅಂಥ ಮನುಷ್ಯ.

"ಕಾರಣ?"

ಬಾಸ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. "ಹಳೆಯ ಹೀಟರ್ ಹಿತ್ತಲನ್ನೆಲ್ಲ ಬೆಚ್ಚಗೆ ಇಡುತ್ತಿತ್ತಂತೆ. ಅಲ್ಲಿ ಅವರ ಗಿಡ ಬದುಕುತ್ತಿತ್ತು. ಇದು ಬಿಸಿಯನ್ನೆಲ್ಲ ಮನೆಗೇ ಕೊಡುತ್ತದೆ, ಹೊರಗೆ ಒಂದು ಚೂರೂ ಬಿಡುವುದಿಲ್ಲ ಅಂತ ಅವರ ದೂರು."

ಆ ಹೆಂಗಸು ಕನ್ನಡಕ ತೆಗೆದರು. "ಇನ್ನೊಂದು ಸಲ ಹೇಳಿ." ಹೇಳಿದೆ. ಅವರು ನಗಲು ಶುರು ಮಾಡಿದವರು ಕಣ್ಣು ಒರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. "ಇಷ್ಟು ವರ್ಷದಲ್ಲಿ ನಮ್ಮ ಹೀಟರನ್ನು ಯಾರೂ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿರಲಿಲ್ಲ. ತಯಾರು ಮಾಡಿ. ಮೊದಲು ಹೋಗಿ ಆ ಗಿಡಕ್ಕೊಂದು ವ್ಯವಸ್ಥೆ ಮಾಡಿ ಬನ್ನಿ" ಅಂದರು.

ಆ ಶನಿವಾರ ಬಾಸ್ ತಾವೇ ಗರಗಸ ಹಿಡಿದು ಆಂಟಿಯ ಮನೆಗೆ ಹೋದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಸಿಲು ಬೀಳುವ ಕಿಟಕಿಯ ಕೆಳಗೆ ನೆಲ ಕೊರೆದು, ಹೊಸದೊಂದು ಜಾಲರಿ ಕೂರಿಸಿ, ಪಕ್ಕದಲ್ಲಿ ಕುಂಡ ಇಟ್ಟರು. ಆಂಟಿ ಜಾಲರಿಯ ಮೇಲೆ ಕೈ ಹಿಡಿದು ನೋಡಿ, "ಇಷ್ಟು ಸಾಕು. ಅಂಕಲ್ ಇದ್ದಿದ್ದರೆ ಇಷ್ಟೇ ದೂರ ಇಡ್ತಿದ್ದರು" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ, ಮಂಡಿಯೂರಿದ್ದ ಬಾಸ್ ಪೆನ್ಸಿಲ್ ತೆಗೆದು ಕುಂಡದ ಸುತ್ತ ನೆಲದ ಮೇಲೆ ಗುರುತು ಹಾಕಿದರು.

ಬಾಸ್ ರಿಟೈರ್ ಆಗುವ ದಿನ ಲ್ಯಾಬಿನಲ್ಲಿ ಕೇಕ್ ಇತ್ತು. ಆಂಟಿಯೂ ಬಂದಿದ್ದರು. ಹಿಂದಿನ ವಾರವೇ ಅವರು ಗಿಡದ ಮೊದಲ ಕೊಯ್ಲನ್ನು ಬಾಸ್‌ಗೆ ಕಳಿಸಿದ್ದರು, ಕೈತುಂಬ ಹಸಿರು ಕರಿಬೇವು, ನಾನೇ ತಂದುಕೊಟ್ಟಿದ್ದೆ. ಬಾಸ್ ಅದನ್ನು ಗಾಜಿನ ಹೂದಾನಿಯಲ್ಲಿ ನೀರು ಹಾಕಿ ಮೇಜಿನ ಮಧ್ಯೆ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ತೋರಿಸಿ, "ನನ್ನ ಹೀಟರಿನ ಮೇಲೆ ಬಂದ ಒಂದೇ ಒಂದು ದೂರು ಇದು" ಅನ್ನುತ್ತಿದ್ದರು.

ಆಂಟಿ ಹೂದಾನಿಯನ್ನು ನೋಡಿದರು. ಬಾಸ್‌ರನ್ನು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ತುಂಬ ಮರುಕದಿಂದ ಕೇಳಿದರು.

"ಇಷ್ಟು ಒಳ್ಳೆಯ ಹೀಟರ್ ಮಾಡ್ಲಿಕ್ಕೆ ಬರ್ತದೆ ಪಾಪ, ಒಂದು ಒಗ್ಗರಣೆ ಹಾಕ್ಲಿಕ್ಕೆ ಬರುದಿಲ್ಲವಾ ಇವರಿಗೆ?"